ಸಾಕ್ಷಿ ಸೀಸೆ

ಏಳಬಾರದ ಜಾಗದಲ್ಲಿ ಗೆರೆ ಎದ್ದಿತು. ಪರದೆಯ ಎಡದಿಂದ ಬಲಕ್ಕೆ ಮಲಗಿಕೊಂಡೇ ಸಾಗಬೇಕಾಗಿದ್ದದ್ದು, ಬೆಂಜೀನ್ ಕಾಣಿಸಿಕೊಳ್ಳುವ ಹೊತ್ತಿಗೆ ಸರಿಯಾಗಿ ತಲೆಯೆತ್ತಿ, ಸಣ್ಣದೊಂದು ದಿಬ್ಬವಾಗಿ, ಇಳಿದು, ಏನೂ ನಡೆದೇ ಇಲ್ಲವೆಂಬಂತೆ ಮುಂದಕ್ಕೆ ಹೋಯಿತು. ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ದಿಬ್ಬ ಅಲ್ಲೇ ಇತ್ತು. ಸ್ವಲ್ಪ ಹೊತ್ತಿನ ಹಿಂದೆ ಅಕ್ಕನ ಮನೆಯ ನಲ್ಲಿಯ ನೀರನ್ನು ಇದೇ ಯಂತ್ರಕ್ಕೆ ಕೊಟ್ಟಾಗ ಎದ್ದದ್ದು ದಿಬ್ಬವಲ್ಲ, ಗುಡ್ಡ. ಪೆಟ್ರೋಲಿನಲ್ಲಿರುವ ಬೆಂಜೀನ್, ಊರು ಕುಡಿಯುವ ನೀರಿನಲ್ಲಿ. ಆಗ ಅವನಿಗೆ ಆದದ್ದು ಗಾಬರಿಯಲ್ಲ. ಹೇಳಿಕೊಳ್ಳಲು ನಾಚಿಕೆ, ಆದದ್ದು ಸಂತೋಷ. ನಲ್ಲಿಯ ನೀರಿಗೆ ಪೆಟ್ರೋಲ್ ವಾಸನೆ ಎಂದ ಅಕ್ಕನ ಮಗಳ ಮೂಗು ಸುಳ್ಳಾಡಿರಲಿಲ್ಲ, ಅದನ್ನು ನಂಬಿದ್ದು ತಾನೊಬ್ಬನೇ, ಇನ್ನು ಆ ಬೀದಿಗೆ ನೀರು ನಿಲ್ಲಿಸುತ್ತಾರೆ, ಪೈಪು ಅಗೆಯುತ್ತಾರೆ, ಅಕ್ಕನ ಬಾಯಿಯೂ ಸ್ವಲ್ಪ ದಿನ ಮುಚ್ಚುತ್ತದೆ ಎಂದೆಲ್ಲ ಅಂದುಕೊಂಡು, ಎದ್ದು ಹೋಗಿ ಟೀ ಕುಡಿದು ಬಂದಿದ್ದ. ಈಗ ಯಂತ್ರದ ಹೊಟ್ಟೆಯಲ್ಲಿದ್ದದ್ದು ನಲ್ಲಿಯ ನೀರಲ್ಲ, ಸಾಕ್ಷಿ ಸೀಸೆಯ ನೀರು. ಇದೇ ಕೋಣೆಯಲ್ಲಿ ಶುದ್ಧ ನೀರು ತುಂಬಿ, ಮುಚ್ಚಳ ಬಿಗಿದು, ಐಸ್ ಪೆಟ್ಟಿಗೆಯಲ್ಲಿ ಖಾಲಿ ಸೀಸೆಗಳ ಜೊತೆ ಹೊರಗೆ ಕಳಿಸುವ ಸೀಸೆ ಅದು. ದಾರಿಯಲ್ಲಿ ಅದನ್ನು ಯಾರೂ ತೆರೆಯುವುದಿಲ್ಲ; ಸುಮ್ಮನೆ ಹೋಗುತ್ತದೆ, ಸುಮ್ಮನೆ ಬರುತ್ತದೆ. ಅದರಲ್ಲಿ ಏನಾದರೂ ಸಿಕ್ಕಿತೆಂದರೆ ಅದು ನಲ್ಲಿಯಿಂದ ಬಂದದ್ದಲ್ಲ, ದಾರಿಯಿಂದ ಬಂದದ್ದು. ಆಮೇಲೆ ಆ ಪೆಟ್ಟಿಗೆಯ ಯಾವ ಸೀಸೆಯ ಮಾತನ್ನೂ ನಂಬುವ ಹಾಗಿಲ್ಲ.

ಸಾಕ್ಷಿ ಸೀಸೆ ಎಂಬ ಹೆಸರು ಅವನೇ ಇಟ್ಟದ್ದು. ಲ್ಯಾಬಿನವರು ಅವನಿಗೂ ಒಂದು ಹೆಸರಿಟ್ಟಿದ್ದರು, ಗುಳ್ಳೆ ಸಾರ್ ಎಂದು. ಬೆಂಜೀನಿನಂಥವು ಗಾಳಿ ಕಂಡರೆ ನೀರು ಬಿಟ್ಟು ಓಡುವ ಜಾತಿ. ಸೀಸೆಯೊಳಗೆ ಒಂದು ಗುಳ್ಳೆ ಉಳಿದರೂ ಸಾಕು, ಅದರೊಳಕ್ಕೆ ನುಸುಳಿ ಕೂರುತ್ತವೆ, ಮುಚ್ಚಳ ತೆಗೆದೊಡನೆ ಪರಾರಿಯಾಗುತ್ತವೆ. ಆದ್ದರಿಂದ ನೀರು ಸೀಸೆಯ ಬಾಯಿಯ ಮೇಲೆ ಉಬ್ಬಿ ನಿಲ್ಲುವಷ್ಟು ತುಂಬಿ, ಮುಚ್ಚಳ ಹಾಕಿ, ತಲೆಕೆಳಗು ಮಾಡಿ, ಬೆಳಕಿಗೆ ಹಿಡಿದು ನೋಡಬೇಕು. ಸಾಸಿವೆ ಕಾಳಿನಷ್ಟು ಗುಳ್ಳೆಗೆ ಅವನು ಸ್ಯಾಂಪಲಿನವನನ್ನು ಉರಿಬಿಸಿಲಲ್ಲಿ ಅರ್ಧ ಊರು ದಾಟಿಸಿ ವಾಪಸು ಕಳಿಸಿದ್ದುಂಟು. ಅಕ್ಕನ ಮಗಳು ಚಿಕ್ಕವಳಿದ್ದಾಗ ರಜೆಯಲ್ಲಿ ಅವಳನ್ನು ಲ್ಯಾಬಿಗೆ ಕರೆತಂದು, ಸಿಂಕಿನ ಮುಂದೆ ಸ್ಟೂಲು ಹಾಕಿ ನಿಲ್ಲಿಸಿ, ಹಳೆಯ ಸೀಸೆಗಳನ್ನು ಆಟಕ್ಕೆ ಕೊಡುತ್ತಿದ್ದ. ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು ತುಂಬುತ್ತಿದ್ದಳು. ಕಿಟಕಿಯ ಬೆಳಕಿಗೆ ತಿರುಗಿಸಿ ಹಿಡಿದು, "ಒಂದೂ ಗುಳ್ಳೆ ಇಲ್ಲ, ನೋಡು ಮಾಮ" ಎಂದು ಕೂಗುತ್ತಿದ್ದಳು. ಇಲ್ಲಿ ಕೆಲಸಕ್ಕಿದ್ದವರಿಗಿಂತ ಅವಳೇ ಚೆನ್ನಾಗಿ ತುಂಬುತ್ತಿದ್ದಳು, ಅದನ್ನು ಅವನು ಎಲ್ಲರೆದುರೇ ಹೇಳಿದ್ದ, ಸ್ಯಾಂಪಲಿನವನೂ ಅಲ್ಲಿದ್ದ. ಆ ಸ್ಯಾಂಪಲಿನವನು ಒಮ್ಮೆ ಜೀಪಿನಲ್ಲಿ ಪೆಟ್ರೋಲ್ ಕ್ಯಾನಿನ ಪಕ್ಕದಲ್ಲಿ ಪೆಟ್ಟಿಗೆ ಇಟ್ಟುಕೊಂಡು ಬಂದಿದ್ದಾಗ ಸಾಕ್ಷಿ ಸೀಸೆ ಅದನ್ನು ಹೇಳಿಬಿಟ್ಟಿತ್ತು. "ಮೂಗಿಗೆ ಬೀಗ ಹಾಕಿಸಿದ್ಯೇನಯ್ಯ?" ಎಂದು ಅವನು ಎಲ್ಲರೆದುರು ಕೇಳಿದ್ದ, ಅಷ್ಟೂ ಸೀಸೆಗಳನ್ನು ಸಿಂಕಿಗೆ ಸುರಿಸಿದ್ದ, ಮಾರನೆಯ ದಿನ, ಸಾಕ್ಷಿ ಸೀಸೆ ಕೆಟ್ಟರೆ ಇಡೀ ಪೆಟ್ಟಿಗೆ ಸಿಂಕಿಗೆ ಎಂಬ ನಿಯಮವನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದ. ಅದು ಈಗಲೂ ಯಂತ್ರದ ಮೇಲುಗಡೆ, ಕಣ್ಣೆತ್ತಿದರೆ ಕಾಣುವಲ್ಲಿ ಇದೆ.

"ಪೆಟ್ಟಿಗೆ ಒಯ್ದಿದ್ದು ಯಾರು?" ಅಭ್ಯಾಸಬಲದಿಂದ ಅವನ ಬಾಯಿ ಕೇಳಿತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಒಯ್ದವನು ಅವನೇ. ಬೆಳಿಗ್ಗೆ ಅಕ್ಕ ಫೋನ್ ಮಾಡಿದ್ದಳು. "ಏನೋ, ನೀನು ನೀರಿನ ಆಫೀಸಲ್ಲಿದ್ದೂ ನಾವು ಇಂಥ ನೀರು ಕುಡೀಬೇಕೇನೋ? ಲೋಟ ಮೂಗಿನ ಹತ್ರ ಬಂದ್ರೆ ಸಾಕು, ಪೆಟ್ರೋಲ್ ವಾಸನೆ ಅಂತ ಇವಳು ಚೆಲ್ಲಿಬಿಡ್ತಾಳೆ. ನನಗಂತೂ ಏನೂ ಇಲ್ಲ. ಬಸುರಿ ಮೂಗು, ಏನ್ ಹೇಳೋದು. ಸೋಪು ವಾಸನೆ, ಗೋಡೆ ವಾಸನೆ, ಹೆತ್ತ ತಾಯಿ ನಾನೂ ವಾಸನೆ. ನೀನೊಂದು ಸಲ ಬಂದು ಸಮಾಧಾನ ಹೇಳಿ ಹೋಗು." ಅಕ್ಕ ನಗುತ್ತಲೇ ಹೇಳಿದ್ದಳು. ಅವನಿಗೆ ನಗು ಬರಲಿಲ್ಲ. ಅಕ್ಕನ ಬೀದಿಯ ಮೂಲೆಯಲ್ಲಿ ಹಳೆಯ ಪೆಟ್ರೋಲ್ ಬಂಕಿದೆ, ನೆಲದೊಳಗಿನ ಅದರ ಟ್ಯಾಂಕು ಯಾವ ಕಾಲದ್ದೋ. ಬಂಕಿನ ಮುಂದೆಯೇ ಹಾದುಹೋಗುವ ನೀರಿನ ಪೈಪು ಮೊದಲು ಕಬ್ಬಿಣದ್ದಿತ್ತು. ಈಗ ಕೆಲವು ವರ್ಷಗಳಿಂದ ಪ್ಲಾಸ್ಟಿಕ್ಕಿನದು. ಕಬ್ಬಿಣ ತುಕ್ಕು ಹಿಡಿದರೂ ಪೆಟ್ರೋಲನ್ನು ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಪ್ಲಾಸ್ಟಿಕ್ ಬಿಟ್ಟುಕೊಳ್ಳುತ್ತದೆ, ಎಲ್ಲೂ ಒಡೆಯದೆ, ತೂತಾಗದೆ, ಗೋಡೆಯ ಮೂಲಕವೇ, ಮೆಲ್ಲಗೆ. ಇದು ಅವನಿಗೆ ಗೊತ್ತಿತ್ತು, ಪೈಪು ಹಾಕುವಾಗಲೂ ಗೊತ್ತಿತ್ತು, ಆದರೆ ಆಗ ಅವನನ್ನು ಯಾರೂ ಕೇಳಿರಲಿಲ್ಲ, ಕೇಳದೆ ಹೇಳುವ ಸ್ವಭಾವ ಅವನದಲ್ಲ. ಅಂದು ಸ್ಯಾಂಪಲಿನವನು ಬೇರೆ ಬಡಾವಣೆಗೆ ಹೋಗಿದ್ದ. ಅಕ್ಕನ ಬೀದಿಗೆ ನೀರು ಬರುವುದು ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ. ಅವನು ಪೆಟ್ಟಿಗೆಯನ್ನು ಸ್ಕೂಟರಿನ ಮುಂದೆ ಕಾಲ ಬಳಿ ಇಟ್ಟುಕೊಂಡು ಹೊರಟುಬಿಟ್ಟಿದ್ದ.

ಹಿತ್ತಲ ನಲ್ಲಿಯ ಮುಂದೆ ಅವನು ಕುಕ್ಕರಗಾಲಲ್ಲಿ ಕೂತು ಸೀಸೆ ತುಂಬುವಾಗ ಅಕ್ಕನ ಮಗಳು ಬಾಗಿಲಿಗೆ ಒರಗಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು. ಗಂಡನಿಗೆ ಬೇರೆ ಊರಿಗೆ ವರ್ಗವಾದಾಗಿನಿಂದ ಅಮ್ಮನ ಜೊತೆಗೇ ಇದ್ದಳು. ಮುಖ ಇಳಿದಿತ್ತು, ತುಟಿ ಒಣಗಿ ಸಿಪ್ಪೆ ಎದ್ದಿತ್ತು. "ಮಾಮ, ನಿನಗೂ ವಾಸನೆ ಬರ್ತಿಲ್ವಾ?" ಎಂದಳು. ಅವನು ಬೊಗಸೆಯಲ್ಲಿ ನೀರು ಹಿಡಿದು ಮೂಸಿದ. ಏನೂ ಇಲ್ಲ. ಇಷ್ಟು ವರ್ಷ ಆ ಮುಚ್ಚಿದ ಕೋಣೆಯಲ್ಲಿ ಎಣ್ಣೆ, ದ್ರಾವಕ, ಆಸಿಡ್‌ಗಳ ನಡುವೆ ಉಸಿರಾಡಿದ ಮೂಗು ಅದು, ಸತ್ತು ಎಷ್ಟು ಕಾಲವಾಯಿತೋ ಅವನಿಗೇ ತಿಳಿಯದು. "ಸ್ವಲ್ಪ ಬರ್ತಿದೆ" ಎಂದ. ಅವಳ ಮುಖ ಎಷ್ಟು ಅರಳಿತೆಂದರೆ ಅವನು ತಲೆ ತಗ್ಗಿಸಬೇಕಾಯಿತು. ಅಷ್ಟು ಹೊತ್ತಿಗೆ ಅಕ್ಕ ಹಿಂದಿನಿಂದ ಬಂದಳು. ಅಕ್ಕನ ಮಾತು ಯಾವತ್ತೂ ಹಾಗೆಯೇ, ತಮಾಷೆಯಿಂದ ಶುರುವಾಗಿ ಎಲ್ಲಿ ಚುಚ್ಚುತ್ತದೆಂದು ಅವಳಿಗೇ ಗೊತ್ತಿರುವುದಿಲ್ಲ. "ಊರಿನ ನೀರೆಲ್ಲ ಮೂಸಿ ಮೂಸಿ ಸಂಬಳ ತಗೊಂಡಿದ್ದಾಯ್ತು, ಮನೆಯವರಿಗೆ ಒಂದು ದಿನ ಉಪಯೋಗಕ್ಕೆ ಬಂದ್ಯಾ? ಹೋದ ಸಲ ಇವಳಿಗೆ ಬಸುರು ನಿಲ್ಲಲಿಲ್ಲವಲ್ಲ, ಆಗಲೂ ಇದೇ ನೀರೇ ಕುಡಿದಿದ್ದು." ಹೇಳಿ ಒಳಗೆ ಹೋದಳು, ಒಲೆಯ ಮೇಲೆ ಏನೋ ಉಕ್ಕುತ್ತಿತ್ತು. ಅವನು ಸೀಸೆಯನ್ನು ತಲೆಕೆಳಗು ಮಾಡಿ ಬೆಳಕಿಗೆ ಹಿಡಿದ. ಗುಳ್ಳೆ ಇರಲಿಲ್ಲ. "ನಾನು ಹೇಳೋ ತನಕ ಇದನ್ನ ಕುಡೀಬೇಡ, ಕ್ಯಾನ್ ನೀರು ತರಿಸ್ಕೋ" ಎಂದು ಅವಳಿಗೆ ಹೇಳಿ ಹೊರಟ. ಬೀದಿಯ ತಿರುವಿಗೆ ಬರುವಷ್ಟರಲ್ಲಿ ಸ್ಕೂಟರ್ ಎರಡು ಸಲ ಮುಗ್ಗರಿಸಿತು, ಪೆಟ್ರೋಲ್ ತಳ ಕಂಡಿತ್ತು. ಎದುರಿಗೇ ಬಂಕು. ಹೋದ ಸಲ ಬಸುರು ನಿಲ್ಲಲಿಲ್ಲವಲ್ಲ. ಬಂಕಿನವನು ಬೇರೆ ಯಾರ ಜೊತೆಗೋ ಹರಟುತ್ತ ಕೊಳವೆ ಎತ್ತಿದ್ದರಿಂದ ನಾಲ್ಕು ಹನಿ ಸೀಟಿನ ಮೇಲೆ ಚೆಲ್ಲಿತು. ಆಗಲೂ ಇದೇ ನೀರು. ಪೆಟ್ಟಿಗೆಯಲ್ಲಿ ಸೀಸೆಗೆ ಸೀಸೆ ತಾಗದಿರಲೆಂದು ನಲ್ಲಿಯ ಸೀಸೆಗೆ ಸುತ್ತಿದ ಬಟ್ಟೆ ಇರುತ್ತದೆ. ಅವನ ಕೈ ಮುಚ್ಚಳ ತೆಗೆಯಿತು, ಬಟ್ಟೆ ಎಳೆಯಿತು, ಸೀಟು ಒರೆಸಿತು, ಬಟ್ಟೆಯನ್ನು ಮತ್ತೆ ಇದ್ದ ಹಾಗೆಯೇ ಸುತ್ತಿ ಮುಚ್ಚಳ ಹಾಕಿತು. ಎಷ್ಟು ಅಚ್ಚುಕಟ್ಟಾದ ಕೈ. ಸೀಟು ಒರೆಸದೆ ಕೂತಿದ್ದರೆ ಪ್ಯಾಂಟು ಕೊಳೆಯಾಗುತ್ತಿತ್ತು, ಅಷ್ಟೇ.

ಅವನು ಪೆಟ್ಟಿಗೆ ತೆರೆದು ಬಟ್ಟೆಯನ್ನು ಮೂಗಿಗೆ ಒತ್ತಿಕೊಂಡ. ಏನೂ ಇಲ್ಲ. ಒಂದು ಕ್ಷಣ ಬದುಕಿದೆ ಎನಿಸಿತು. ಆಮೇಲೆ ತನ್ನ ಮೂಗಿನ ಮೇಲೇ ನಂಬಿಕೆ ಬರದೆ, ಬಟ್ಟೆ ಹಿಡಿದುಕೊಂಡು ಸೀಸೆ ತೊಳೆಯುವ ಕೋಣೆಗೆ ಹೋದ. ಅಲ್ಲಿ ಬಿಸಿಲಿನಿಂದ ಬಂದು ಕಾಲು ಚಾಚಿ ಕೂತಿದ್ದ ಸ್ಯಾಂಪಲಿನವನು ಎದ್ದು ನಿಂತ. ಅವನು ಏನೂ ವಿವರಿಸದೆ ಬಟ್ಟೆ ಮುಂದೆ ಹಿಡಿದ. "ಇದನ್ನೊಮ್ಮೆ ನೋಡು." ಆತ ಬಟ್ಟೆಯನ್ನು ಮುಟ್ಟಲೂ ಇಲ್ಲ, ಅಲ್ಲಿಂದಲೇ ಮುಖ ಹಿಂದಕ್ಕೆ ಎಳೆದುಕೊಂಡ. "ಪೆಟ್ರೋಲು, ಸಾರ್. ಯಾರು ಸಾರ್ ಇದನ್ನ..." ಎಂದವನು ಬಟ್ಟೆಯನ್ನೂ ಅವನ ಮುಖವನ್ನೂ ನೋಡಿದ. ಈಗ ಬಯ್ಯಬಹುದಿತ್ತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನಬಹುದಿತ್ತು. ಮೂಗಿಗೆ ಬೀಗ ಹಾಕಿಸಿದ್ದೀರಾ ಎಂದಾದರೂ ಕೇಳಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು. ಆತ ಹಾಗೇನೂ ಮಾಡದೆ, "ಆಗುತ್ತೆ ಬಿಡಿ ಸಾರ್, ಮನುಷ್ಯರಲ್ವಾ" ಎಂದು ಮರುಕದಿಂದ ಹೇಳಿದ. ಆ ಮರುಕವನ್ನು ನುಂಗುವುದು ಅವನಿಗೆ ಬಹಳ ಕಷ್ಟವಾಯಿತು.

ಯಂತ್ರದ ಮುಂದೆ ಮತ್ತೆ ಬಂದು ಕೂತಾಗ ಆ ಯೋಚನೆ ಬಂತು, ಬಾರದೆ ಇರುತ್ತದೆಯೇ. ಸಾಕ್ಷಿ ಸೀಸೆಯ ಈ ಗೆರೆಯನ್ನು ನೋಡಿದವನು ಅವನೊಬ್ಬನೇ. ಒಂದು ಹೊಸ ಸೀಸೆಗೆ ಶುದ್ಧ ನೀರು ತುಂಬಿ, ಇದೇ ಅದು ಎಂದು ಯಂತ್ರಕ್ಕೆ ಕೊಟ್ಟರೆ ಗೆರೆ ಮಲಗುತ್ತದೆ. ಆಗ ಉಳಿಯುವುದು ಅಕ್ಕನ ನಲ್ಲಿಯ ಗುಡ್ಡ ಮಾತ್ರ. ನಾಳೆಯೇ ಬೀದಿಯ ನೀರು ನಿಲ್ಲುತ್ತದೆ. ಅವಳು ಬದುಕಿಕೊಳ್ಳುತ್ತಾಳೆ, ಅವಳ ಹೊಟ್ಟೆಯಲ್ಲಿರುವುದು ಬದುಕಿಕೊಳ್ಳುತ್ತದೆ. ಒಂದು ಸುಳ್ಳು ಸೀಸೆ, ಅಷ್ಟೇ. ಆದರೆ ಗುಡ್ಡ ನಿಜವೇ? ನಲ್ಲಿಯ ಸೀಸೆಗೆ ಸುತ್ತಿದ್ದದ್ದು ಅದೇ ಬಟ್ಟೆ. ನಲ್ಲಿಯೊಳಗಿನ ಪೆಟ್ರೋಲು ಆ ಬಂಕಿನದ್ದೇ ಆಗಿದ್ದರೆ, ಬಟ್ಟೆಯ ಪೆಟ್ರೋಲೂ ಆ ಬಂಕಿನದ್ದೇ. ಇದು ಅದು ಎಂದು ಬೇರ್ಪಡಿಸಿ ಹೇಳುವ ಯಂತ್ರ ಈ ಲೋಕದಲ್ಲಿಲ್ಲ. ಅವನ ಕೈಗಳು ಮಡಿಲಲ್ಲಿ ಬಿದ್ದಿದ್ದವು. ಅವನು ಹೊಸ ಸೀಸೆ ತುಂಬಲಿಲ್ಲ. ಅದನ್ನು ಪ್ರಾಮಾಣಿಕತೆ ಎಂದು ಕರೆದುಕೊಳ್ಳುವ ಧೈರ್ಯವೂ ಅವನಿಗೆ ಇರಲಿಲ್ಲ. ಅದು ಚಪ್ಪಲಿ ಬಾಗಿಲಲ್ಲಿ ಬಿಡುವಂಥ ಅಭ್ಯಾಸ. ಮಾಡಬಾರದ್ದನ್ನು ಮಾಡಲಿಕ್ಕೂ ಒಂದು ಗಂಡೆದೆ ಬೇಕು, ಅದನ್ನು ಯಾರೂ ಅವನಿಗೆ ಕಲಿಸಿರಲಿಲ್ಲ.

ಮೇಡಂ ಅವನಿಗಿಂತ ವಯಸ್ಸಿನಲ್ಲಿ ಚಿಕ್ಕವರು, ಲ್ಯಾಬಿನ ಮುಖ್ಯಸ್ಥೆ, ಯಾರ ಮೇಲೂ ಕೂಗಾಡದವರು. ಅವನು ಹೇಳಿದ ಬಟ್ಟೆಯ ವಿಷಯ ಕೇಳಿಸಿಕೊಂಡು, ಎರಡು ಗೆರೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. "ಇದರಿಂದ ಅದನ್ನ ಕಳೆದು ನೋಡಬಹುದಲ್ಲ ಮೇಡಂ" ಎಂದ ಅವನು, ಅದು ಎಂಥ ಮಾತೆಂದು ಗೊತ್ತಿದ್ದೂ. "ಸಾಕ್ಷಿ ಸೀಸೆಯಲ್ಲಿರೋದು ಚೂರು. ನಲ್ಲಿ ನೀರಲ್ಲಿ ಎಷ್ಟೋ ಪಟ್ಟು ಜಾಸ್ತಿ ಇದೆ."

"ಬಟ್ಟೆ ಯಾವ ಸೀಸೆಗೆ ಹತ್ತಿರ ಇತ್ತು?"

ಅವನು ನಲ್ಲಿಯ ಗೆರೆಯ ಕಡೆ ನೋಡಿದ.

"ನಲ್ಲಿ ಸೀಸೆಗೇ ತಾನೆ? ನೀವು ಸುತ್ತೋದೇ ಅದಕ್ಕೆ. ನನಗೂ ನೀವೇ ಹೇಳಿಕೊಟ್ಟಿದ್ದು." ಅವರ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. "ಬೇರೆಯವರು ಬಂದು ಕಳೆದು ನೋಡಿ ಅಂದಿದ್ರೆ ನೀವು ಏನು ಹೇಳ್ತಿದ್ರಿ, ಸಾರ್?"

ಸಿಂಕಿಗೆ ಸುರಿ ಎನ್ನುತ್ತಿದ್ದ. ಅವರು ಉತ್ತರಕ್ಕಾಗಿ ಕಾಯಲಿಲ್ಲ. ದೂರು ಬಂದಿದೆ, ಮೊದಲ ಸೀಸೆ ಲೆಕ್ಕಕ್ಕಿಲ್ಲ, ನಾಳೆ ಬೆಳಿಗ್ಗೆ ಸ್ಯಾಂಪಲಿನವನೇ ಹೋಗಿ ಮತ್ತೆ ತರಲಿ, ನೀವು ಆ ಬೀದಿಯ ಸೀಸೆ ಮುಟ್ಟುವುದು ಬೇಡ, ನಿಮ್ಮ ಅಕ್ಕನ ಮನೆ ಎಂದು ನಾಳೆ ಯಾರಾದರೂ ಎತ್ತಿ ಆಡಿದರೆ ನಿಮಗೇ ಕಷ್ಟ ಎಂದರು. ಎಲ್ಲವೂ ಸರಿಯಾದ ಮಾತೇ. ಅನಂತರ, ಕ್ರಮ ಇರುವುದೇ ಹಾಗಾದ್ದರಿಂದ, ಪೈಪ್‌ಲೈನ್ ವಿಭಾಗಕ್ಕೆ ಫೋನ್ ಮಾಡಿ, ಇಂಥ ಬೀದಿಯಲ್ಲಿ ಇಂಥ ಅನುಮಾನವಿದೆ, ನಾಳೆ ಮತ್ತೆ ನೋಡುತ್ತೇವೆ ಎಂದು ತಿಳಿಸಿದರು. ಆ ಕಡೆಯವನು ಏನೋ ನಗೆಮಾತು ಹೇಳಿರಬೇಕು, ಮೇಡಂ ನಗದೆ ಫೋನ್ ಇಟ್ಟರು. ಅವನಿಗೆ ಆ ಕ್ಷಣದಲ್ಲೇ ಹೊಳೆಯಿತು, ಸೀಸೆ ತುಂಬುವ ಮೊದಲೇ ಅವರು ಪೈಪು ತೊಳೆದುಬಿಡುತ್ತಾರೆ. ಹೊಳೆದರೇನು, ಕಳ್ಳನಿಗೆ ಹೇಳಿ ಕಾವಲು ಹೊರಟಂತಾಯಿತು ಎಂದು ಮೇಡಂ ಮುಂದೆ ಹೇಳಲು, ಹೇಳುವವನ ಕೈ ಶುದ್ಧವಿರಬೇಕಲ್ಲ. ಇವತ್ತು ಅವನ ಕೈಯನ್ನು ಮೂಸಿದರೂ ಪೆಟ್ರೋಲಿನ ವಾಸನೆ ಬರುತ್ತಿತ್ತು.

ಮಾರನೆಯ ದಿನ ಸ್ಯಾಂಪಲಿನವನು ಒದ್ದೆ ಪ್ಯಾಂಟಿನಲ್ಲಿ ಬಂದ. "ಬೀದಿ ಕೊನೇಲಿ ವಾಲ್ವ್ ಬಿಚ್ಚಿ ಬಿಟ್ಟಿದ್ದಾರೆ ಸಾರ್. ಸಂಜೆಯಿಂದ ನೀರು ಹರಿಸಿದ್ದಾರಂತೆ. ರಸ್ತೆ ತುಂಬ ಕೆರೆ. ಮಕ್ಕಳು ಕಾಗದದ ದೋಣಿ ಬಿಡ್ತಿದ್ವು" ಎಂದು ನಗುತ್ತ ಹೇಳಿ, ಸೀಸೆಯನ್ನು ತಲೆಕೆಳಗು ಮಾಡಿ ಅವನಿಗೆ ತೋರಿಸಿದ. ಗುಳ್ಳೆ ಇರಲಿಲ್ಲ. ಪೈಪಿನಲ್ಲಿ ನಿಂತು ನಿಂತು ಪೆಟ್ರೋಲು ಹೀರಿದ ನೀರೆಲ್ಲ ರಾತ್ರಿಯಿಡೀ ಚರಂಡಿಗೆ ಹೋಗಿತ್ತು. ಸೀಸೆಗೆ ಬಂದದ್ದು ಟ್ಯಾಂಕಿನಿಂದ ಆಗಷ್ಟೇ ಓಡಿ ಬಂದ ನೀರು. ಕೆಲವೇ ದಿನಗಳಲ್ಲಿ, ಮತ್ತೆ ನೀರು ಪೈಪಿನಲ್ಲಿ ನಿಲ್ಲತೊಡಗಿದ ಮೇಲೆ, ನೆಲದೊಳಗಿನದು ಮತ್ತೆ ಮೆಲ್ಲಗೆ ಒಳಗೆ ಬರುತ್ತದೆ. ಯಂತ್ರವನ್ನು ಮೇಡಂ ಅವರೇ ನಡೆಸಿದರು. ಅವನು ಹಿಂದೆ ಕೈ ಕಟ್ಟಿ ನಿಂತು ನೋಡಿದ. ಗೆರೆ ಕೊನೆಯವರೆಗೂ ಮಲಗಿಕೊಂಡೇ ಹೋಯಿತು, ಸಾಕ್ಷಿ ಸೀಸೆಯದೂ, ನಲ್ಲಿಯದೂ. "ಒಂದು ವಾರ ಬಿಟ್ಟು ಮತ್ತೊಮ್ಮೆ ತೆಗೆಸೋಣ ಮೇಡಂ" ಎಂದ. "ದೂರು ಮುಗೀತಲ್ಲ ಸಾರ್. ಇನ್ನು ಆ ಬೀದಿ ಸರದಿ ಬರೋದು ಮಳೆಗಾಲ ಕಳೆದ ಮೇಲೆ" ಎಂದರು. ಮಳೆಗಾಲ ಕಳೆಯುವಷ್ಟರಲ್ಲಿ ಅವಳಿಗೆ ಹೆರಿಗೆಯಾಗಿರುತ್ತದೆ, ಅಥವಾ, ಎಂದು ಅವನ ಮನಸ್ಸು ಮುಂದುವರಿಯಿತು, ಅವನು ಅದನ್ನು ಅಲ್ಲಿಗೇ ತಡೆದ. ವರದಿಗೆ ಎರಡು ಸಹಿ ಬೇಕು. ಕೆಳಗಿನದು ಅವನದ್ದು. ನೀರು ಕುಡಿಯಲು ಯೋಗ್ಯವಾಗಿದೆ ಎಂಬ ವಾಕ್ಯದ ಕೆಳಗೆ ಅವನು ಇಷ್ಟು ವರ್ಷ ಮಾಡಿದಂತೆಯೇ ಸಹಿ ಮಾಡಿದ. ಆ ಸೀಸೆಯ ನೀರು ನಿಜವಾಗಿಯೂ ಯೋಗ್ಯವಾಗಿಯೇ ಇತ್ತಲ್ಲ. ಅವನ ವೃತ್ತಿಜೀವನದಲ್ಲಿ ಸುಳ್ಳೆನ್ನುವಂಥ ಒಂದು ಅಕ್ಷರವೂ ಇರಲಿಲ್ಲ.

ವರದಿಯ ಸುದ್ದಿ ಅವನಿಗಿಂತ ಮೊದಲು ಬೀದಿ ಮುಟ್ಟಿತು. ನೀರು ಬಿಡುವವನು ಮನೆಮನೆಗೂ ಹೇಳಿಕೊಂಡು ಹೋದನಂತೆ. ಅಕ್ಕ ಫೋನಿನಲ್ಲಿ ಬೆಂಕಿಯಾಗಿದ್ದಳು. ತಮ್ಮ ಲ್ಯಾಬಿನಲ್ಲಿದ್ದಾನೆ, ಅವನ ಮಾತು ಅಂದರೆ ಮಾತು ಎಂದು ಬೀದಿಗೆಲ್ಲ ಸಾರಿ, ನಾಲ್ಕಾರು ಮನೆಯವರಿಗೆ ಕ್ಯಾನ್ ನೀರು ತರಿಸಿದ್ದಳು. ಈಗ ಅವರೆಲ್ಲ ಅವಳನ್ನು ಕಂಡರೆ ಮೂಗು ಮುಚ್ಚಿಕೊಂಡು ನಗುತ್ತಿದ್ದಾರೆ. "ನನ್ ಮಾನ ಹರಾಜಾಯ್ತು. ನಿನ್ ಕಾಗದ ನೀನೇ ತಂದು ಇವಳಿಗೆ ಓದಿ ಹೇಳು. ನನ್ ಮಾತು ಕೇಳಲ್ಲ, ಯಾರ ಮಾತೂ ಕೇಳಲ್ಲ. ಕ್ಯಾನ್ ತರೋನು ಎರಡು ದಿನದಿಂದ ಪತ್ತೆ ಇಲ್ಲ, ಇವಳು ಗುಟುಕು ಗುಟುಕು ಕುಡ್ಕೊಂಡು ನಾಲಿಗೆ ಒಣಗಿಸ್ಕೊಂಡು ಕೂತಿದ್ದಾಳೆ." ಅವನು ಬರುತ್ತೇನೆ ಎಂದ. ಓದಿ ಹೇಳಲು ಅಲ್ಲ. ಫೋನಿನಲ್ಲಿ ಹೇಳಿದರೆ ಅಕ್ಕ ನಡುವೆಯೇ ಕತ್ತರಿಸುತ್ತಾಳೆ. ಎದುರು ಕೂತು, ಮೊದಲಿನಿಂದ, ಬಟ್ಟೆಯ ವಿಷಯವನ್ನೂ ಮುಚ್ಚಿಡದೆ ಹೇಳಬೇಕು. ನನ್ನ ತಪ್ಪಿನಿಂದ ಹೀಗಾಯಿತು, ಆ ಕಾಗದವನ್ನು ನಂಬಬೇಡಿ, ಅದರ ಮೇಲೆ ನನ್ನ ಸಹಿ ಇದ್ದರೂ ನಂಬಬೇಡಿ, ಕ್ಯಾನ್ ನೀರು ನಾನೇ ಹೊತ್ತು ತಂದು ಹಾಕುತ್ತೇನೆ, ಆಗದಿದ್ದರೆ ಹೆರಿಗೆ ಆಗುವವರೆಗೆ ಅವಳು ನನ್ನ ಮನೆಗೆ ಬಂದು ಇರಲಿ. ಈ ಮಾತುಗಳನ್ನು ಅವನು ಬಚ್ಚಲಲ್ಲಿ, ಕನ್ನಡಿಯ ಮುಂದೆ, ಹೆಂಡತಿ ಯಾರ ಜೊತೆ ಮಾತಾಡ್ತಿದ್ದೀರಿ ಎಂದು ಕೇಳುವಷ್ಟು ಸಲ ಜೋಡಿಸಿಕೊಂಡ. ಜೀವನದಲ್ಲಿ ಮೊದಲ ಸಲ ಯಾರೂ ಕೇಳದೆ ಹೇಳಲು ಹೊರಟಿದ್ದ.

ಸ್ಕೂಟರನ್ನು ಅಂದಿನಿಂದ ಅವನು ಮುಟ್ಟಿರಲಿಲ್ಲ. ಅದರ ಸೀಟು ಕಂಡರೆ ಬೆವರು ಬರುತ್ತಿತ್ತು. ಬಸ್ಸಿಳಿದು ದೊಡ್ಡ ರಸ್ತೆಯಿಂದ ಅಕ್ಕನ ಮನೆಯವರೆಗೆ ನಡೆದ. ನೆತ್ತಿಯ ಮೇಲೆ ಬಿಸಿಲು, ಎಲ್ಲೂ ಮರವಿಲ್ಲ, ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು. ಬಂಕಿನ ಮುಂದೆ ಬಂದಾಗ ಅವನು ನಿಂತು ಉಸಿರೆಳೆದುಕೊಂಡ. ಇಲ್ಲಿಯಾದರೂ ಬರಬೇಕಲ್ಲ. ಇಲ್ಲೂ ಏನೂ ಇಲ್ಲ. ಬಂಕಿನವನು ಅವನ ಗುರುತು ಹಿಡಿದು, "ಏನ್ ಸಾರ್, ಗಾಡಿ ಇಲ್ವಾ?" ಎಂದ. ಇಲ್ಲ ಎಂದು ಕೈಯಾಡಿಸಿ ಮುಂದೆ ನಡೆದ. ಕಾಲ ಕೆಳಗೆ, ಡಾಂಬರಿನ ಕೆಳಗೆ, ಮಣ್ಣಿನ ಕೆಳಗೆ ಆ ಪೈಪು ತನ್ನ ಜೊತೆಗೇ ಅಕ್ಕನ ಮನೆಯ ಕಡೆಗೆ ಬರುತ್ತಿದೆ ಎಂದು ಅನಿಸಿ ಹೆಜ್ಜೆ ಜೋರು ಮಾಡಿದ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಹೇಳಬೇಕಾದ ಮಾತುಗಳನ್ನು ಮೊದಲಿನಿಂದ ಇನ್ನೊಮ್ಮೆ ಹೇಳಿಕೊಂಡ. ಅಕ್ಕಾ, ಮೊದಲು ನನ್ನ ಮಾತು ಪೂರ್ತಿ ಕೇಳು. ಅಲ್ಲಿಂದ ಶುರು.

ಅಕ್ಕ ಬಾಗಿಲಲ್ಲೇ ಇದ್ದಳು. "ಅಯ್ಯೋ, ಈ ಬಿಸಿಲಲ್ಲಿ ನಡ್ಕೊಂಡು ಬಂದ್ಯೇನೋ? ಮುಖ ನೋಡು, ಸುಟ್ಟ ಬದನೆಕಾಯಿ ಆಗಿದೆ. ಕೂತ್ಕೋ ಕೂತ್ಕೋ" ಎಂದು ಫ್ಯಾನು ಹಾಕಿದಳು. ಬೈಗುಳಕ್ಕೆ ತಯಾರಾಗಿ ಬಂದಿದ್ದವನು ಅವಳು ತೋರಿಸಿದ ಕುರ್ಚಿಯಲ್ಲಿ ಕೂತ. ಚಿಕ್ಕವನಿದ್ದಾಗ ಶಾಲೆಯಿಂದ ಬಂದೊಡನೆ ಅಮ್ಮನಿಗಿಂತ ಮೊದಲು ಇವಳೇ ನೀರು ತಂದು ಕೊಡುತ್ತಿದ್ದಳು, ನಿಧಾನ ಕುಡಿಯೋ, ನೆತ್ತಿಗೆ ಹತ್ತುತ್ತೆ ಎಂದು ಪಕ್ಕದಲ್ಲೇ ನಿಂತು ಬೆನ್ನು ಸವರುತ್ತಿದ್ದಳು. ಅಕ್ಕನ ಮಗಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು, ಅವನನ್ನು ನೋಡಿ ನಕ್ಕಳು, ಆದರೆ ಕಣ್ಣು ಅವನ ಜೇಬಿನಿಂದ ಇಣುಕುತ್ತಿದ್ದ ಕಾಗದದ ಮೇಲಿತ್ತು. "ಅದರಲ್ಲಿ ಏನಾದ್ರೂ ಇರಲಿ, 'ಮಾಮ ಬಂದು ಹೇಳಲಿ' ಅಂತ ಅಮ್ಮನಿಗೆ ಹೇಳಿದ್ದೆ" ಎಂದಳು. ಅವನು ಕಾಗದವನ್ನು ಜೇಬಿನೊಳಕ್ಕೆ ಇನ್ನಷ್ಟು ತಳ್ಳಿದ. ಸರಿ, ಈಗ. ಅಕ್ಕಾ, ಮೊದಲು ನನ್ನ ಮಾತು, ಎಂದು ಬಾಯಿ ತೆರೆದರೆ ಒಣಗಿದ ಗಂಟಲಿನಿಂದ ಕರಕರ ಶಬ್ದ ಮಾತ್ರ ಬಂತು. ಅಷ್ಟರಲ್ಲಿ ತಣ್ಣನೆಯ ಒಂದು ಲೋಟ ಅವನ ಕೈಯಲ್ಲಿತ್ತು. ಅವನು ಅದನ್ನು ಎತ್ತಿ ಗಟಗಟನೆ ಕುಡಿದ, ಕೊನೆಯ ಹನಿಯವರೆಗೆ, ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಹಾಕಿ. ಎದೆಯೆಲ್ಲ ತಂಪಾಯಿತು. ಲೋಟ ಕೆಳಗಿಳಿಸಿದಾಗ ಅಕ್ಕನ ಮಗಳು ಎದ್ದು ನಿಂತು ಅವನನ್ನೇ ನೋಡುತ್ತಿದ್ದಳು.

"ಕುಡಿದ್ಯಲ್ಲ ಮಾಮ" ಎಂದಳು, ಮೆಲ್ಲಗೆ, ಯಾರೋ ಅವಳ ಹೆಗಲ ಮೇಲಿನ ಭಾರವನ್ನು ಇಳಿಸಿದಂತೆ.

ಅವನು ಖಾಲಿ ಲೋಟವನ್ನು ನೋಡಿದ, ಅಡುಗೆಮನೆಯ ಕಡೆ ನೋಡಿದ, ಅಕ್ಕನನ್ನು ನೋಡಿದ. "ಇದು ಕ್ಯಾನ್ ನೀರಲ್ವಾ?"

"ಎಲ್ಲಿ ಕ್ಯಾನು? ನಲ್ಲೀದೇ, ಮಡಕೇಲಿ ತುಂಬಿಟ್ಟಿದ್ದೆ. ನೀನೇ ಒಳ್ಳೇದು ಅಂತ ಬರೆದು ಕೊಟ್ಟಿದ್ದೀಯಲ್ಲ." ಅಕ್ಕ ಮಗಳ ಕಡೆ ತಿರುಗಿದಳು. "ನೋಡಿದ್ಯಾ? ನೀರಿನ ಆಫೀಸಿನವನೇ ಕುಡಿದ. ಇನ್ನಾದ್ರೂ ಕುಡೀತೀಯಾ, ಇಲ್ಲಾ ಅವನನ್ನೇ ಸೀಸೇಲಿ ಹಾಕಿ ಪರೀಕ್ಷೆ ಮಾಡಿಸ್ತೀಯಾ?"

"ಕುಡೀಬೇಡ" ಎಂದ ಅವನು. ದನಿ ಈಗ ಚೆನ್ನಾಗಿಯೇ ಬಂತು. "ಕೇಳು, ಆ ನೀರು ಅವರು ಪೈಪ್ ತೊಳೆದ ಮೇಲೆ ಹಿಡಿದದ್ದು. ಮೊದಲಿನದ್ದರಲ್ಲಿ ಇತ್ತು. ಇತ್ತು ಅಂತ ನನಗೆ ಅನ್ಸುತ್ತೆ. ನಾನು ಒಂದು ಬಟ್ಟೆ..." ಜೋಡಿಸಿಕೊಂಡು ಬಂದದ್ದೆಲ್ಲ ತಿರುವುಮುರುವಾಗಿ ಬರುತ್ತಿತ್ತು. ಬಟ್ಟೆ ಎಂದೊಡನೆ ಬಂಕು ಎನ್ನಬೇಕಾಯಿತು, ಬಂಕು ಎಂದೊಡನೆ ಅಕ್ಕ ಅಂದು ಹಿತ್ತಲಲ್ಲಿ ಆಡಿದ ಮಾತಿಗೆ ಹೋಗಬೇಕಾಯಿತು, ಅದನ್ನು ಈ ಹುಡುಗಿಯ ಮುಂದೆ ಹೇಗೆ ಎತ್ತುವುದು. ಅವನು ನಿಲ್ಲಿಸಿದ.

ಅಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದಳು. "ಹಾಗಾದ್ರೆ ನೀನ್ಯಾಕೆ ಕುಡಿದೆ?"

ಗುಳ್ಳೆ ಯಾಕಿರಬಾರದು, ಮುಚ್ಚಳ ಯಾಕೆ ತೆರೆಯಬಾರದು, ಸಾಕ್ಷಿ ಯಾಕೆ ಬೇಕು, ಯಾರು ಯಾವ ಯಾಕೆ ಕೇಳಿದರೂ ಅವನ ಬಳಿ ಉತ್ತರ ಇರುತ್ತಿತ್ತು. ಬಾಯಾರಿತ್ತು ಎಂಬುದು ಒಂದು ಉತ್ತರವೇ? ನೀನು ಕೊಟ್ಟೆ, ಅದಕ್ಕೆ ಕುಡಿದೆ ಎನ್ನಲೇ? ಫ್ಯಾನು ಸದ್ದು ಮಾಡುತ್ತ ತಿರುಗುತ್ತಿತ್ತು. ಅವನ ಮೀಸೆಯಲ್ಲಿ ಇನ್ನೂ ನೀರಿನ ಹನಿಗಳಿದ್ದವು.

"ಬಿಡಮ್ಮ, ನನ್ನನ್ನ ಹೆದರಿಸಿದ್ದಕ್ಕೆ ಪಾಪ ಮಾಮಂಗೆ ಬೇಜಾರಾಗಿದೆ" ಎಂದಳು ಅಕ್ಕನ ಮಗಳು. ಮಡಕೆಯ ಬಳಿ ಹೋಗಿ, ಬಗ್ಗಲು ಕಷ್ಟಪಟ್ಟು, ದೊಡ್ಡ ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡಳು. ಮೂಗಿನ ಹತ್ತಿರ ತಂದಳು. ಅವಳ ಮೂಗಿನ ಹೊಳ್ಳೆಗಳು ಒಮ್ಮೆ ಅದುರಿದ್ದನ್ನು ಅವನು ಕಂಡ. "ನನಗಿನ್ನೂ ಬರ್ತಾ ಇದೆ ಅನ್ಸುತ್ತೆ ಮಾಮ, ಚೂರೇ ಚೂರು. ನನ್ ಮೂಗೇ ಸರಿಯಿಲ್ಲ ಅಂತ ಕಾಣುತ್ತೆ. ನೀನು ಕುಡಿದ ಮೇಲೆ ಇನ್ನೇನಿದೆ."

ಅವನು ಎದ್ದ. ಕೈ ಚಾಚಿದ. ಅವಳು ಅದನ್ನು ತಪ್ಪು ತಿಳಿದು, ತುಂಬಿದ ಲೋಟವನ್ನು ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ ಕಿಟಕಿಯ ಬೆಳಕಿಗೆ ಹಿಡಿದು, ನಾಲಿಗೆಯ ತುದಿ ಕಚ್ಚಿಕೊಂಡು ನೋಡಿದಳು.

"ಒಂದೂ ಗುಳ್ಳೆ ಇಲ್ಲ, ನೋಡು ಮಾಮ" ಎಂದಳು. ಕುಡಿದಳು. ಎಷ್ಟು ದಿನದ ಬಾಯಾರಿಕೆಯೋ, ಖಾಲಿಯಾದ ಮೇಲೆ ಮತ್ತೆ ತುಂಬಿಕೊಂಡಳು.